ಶಿವಬಸವ್ವನ ಮಣ್ಣು

ಟೆಂಪೋದ ಹಿಂಬದಿಯ ಬಾಗಿಲು ಕೆಳಗಿಳಿಸಿ ಚಾಲಕ ಕುರ್ಚಿಯ ಒಂದು ಕಾಲು ಹಿಡಿದ. ಕುಣಿ ತೋಡಿ ಮುಗಿಸಿದ್ದ ಸತ್ಯಪ್ಪ ಇನ್ನೊಂದು ಕಾಲು ಹಿಡಿದ. ಮೂರನೆಯದಕ್ಕೆ ಮೇಘಾ ಕೈಹಾಕಿದಳು. ನಾಲ್ಕನೆಯದಕ್ಕೆ ಆಳಿರಲಿಲ್ಲ.

“ಸ್ವಾಮ್ಯಾರ, ನೀವಽ ಸ್ವಲ್ಪ ಕೈ ಹಚ್ಚರಿ,” ಎಂದ ಸತ್ಯಪ್ಪ.

ಕ್ರಿಯೆ ನಡೆಸಲು ಬಂದಿದ್ದ ಕಲ್ಲಯ್ಯ ಜೋಳಿಗೆಯನ್ನು ಬೆನ್ನಿಗೆ ಸರಿಸಿದ. “ಇಷ್ಟ ವರ್ಷ ಮಣ್ಣು ಕೊಡಿಸೀನಿ. ಹೊರಾಕ ಮಂದಿ ಇಲ್ಲಂತ ಅಯ್ಯನ ಕೈಲೆ ಹೊರಿಸಿದ್ದು ಇದಽ ಮೊದಲು,” ಎಂದು ಗೊಣಗುತ್ತಲೇ ಬಗ್ಗಿದ.

ಕುರ್ಚಿಯಲ್ಲಿ ಮೇಘಾಳ ತಾಯಿ ಶಿವಬಸವ್ವ ಕುಳಿತಿದ್ದಳು. ನಿನ್ನೆ ಮಧ್ಯಾಹ್ನ ಅನಗೋಳದ ಮಗಳ ಮನೆಯಲ್ಲಿ ಉಂಡು, ‘ಒಂದೀಟು ಅಡ್ಡಾಗ್ತೀನಿ’ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿಯೇ ಕಳಿಸುವ ಪದ್ಧತಿ. ಹಣೆಗೆ ದಪ್ಪಗೆ ವಿಭೂತಿ ಬಳಿದು, ವಾಲದ ಹಾಗೆ ಎದೆಗೊಂದು ಬಿಳಿ ಬಟ್ಟೆ ಸುತ್ತಿ ಕುರ್ಚಿಗೆ ಕಟ್ಟಿದ್ದರು. ಬೆಳಗಾವಿಯಿಂದ ಹೊರಟು, ಖಾನಾಪುರ ದಾಟಿ, ಮಲಪ್ರಭೆಯ ದಂಡೆಯ ಈ ಊರಿನವರೆಗೆ ಅವಳು ಹಾಗೇ ಕೂತು, ಚಕ್ರ ಗುಂಡಿಗಿಳಿದಾಗಲೆಲ್ಲ ತಲೆಯಾಡಿಸುತ್ತ ಬಂದಿದ್ದಳು. ಬದುಕಿದ್ದಾಗ ಅಷ್ಟು ಸುಲಭಕ್ಕೆ ಯಾರ ಮಾತಿಗೂ ತಲೆಯಾಡಿಸಿದ ಹೆಂಗಸಲ್ಲ.

ದಂಡೆಯಂಚಿನ ಕುಣಿಯ ಪಕ್ಕ ಕುರ್ಚಿ ಇಳಿಸಿ ಎಲ್ಲರೂ ನಡು ನೆಟ್ಟಗೆ ಮಾಡಿಕೊಂಡರು. ರುದ್ರಭೂಮಿಯಲ್ಲಿ ನರಪಿಳ್ಳೆ ಇರಲಿಲ್ಲ. ಮೃಗಶಿರದ ಮಳೆ, ಇಲ್ಲಿಯವರ ಮಿರಗ, ಇನ್ನೇನು ಬರುವುದರಲ್ಲಿತ್ತು. ಒಂದೆರಡು ಅಡ್ಡಮಳೆ ಆಗಲೇ ಬಿದ್ದು ನೆಲ ಅಲ್ಲಲ್ಲಿ ಸಡಿಲಾಗಿತ್ತು. ನೆರೆ ಬಂದ ಮೇಲೆ ಊರು ಎತ್ತರದ ಜಾಗಕ್ಕೆ ಸರಿದದ್ದರಿಂದ ಇಲ್ಲಿಗೆ ಯಾರು ಬಂದರು, ಯಾರು ಹೋದರು ಎಂಬುದು ಅಲ್ಲಿಗೆ ಕಾಣುತ್ತಲೂ ಇರಲಿಲ್ಲ.

“ಅಕ್ಕಾರ, ಊರಾಗ ಹೇಳೀರಿ ಹೌದಲ್ರಿ?” ಸತ್ಯಪ್ಪ ಕೇಳಿದ. ಅವನೂ ಕಲ್ಲಯ್ಯನೂ ಖಾನಾಪುರ ಪೇಟೆಯವರು. ಊರವರ ಸುದ್ದಿ ಅವರಿಗೆ ಗೊತ್ತಿಲ್ಲ.

“ನಿನ್ನಿ ಸಂಜಿಕಽ ಹಾಕೀನಲ್ಲಪಾ, ಗುಂಪಿನಾಗ.”

ಊರವರ ನಂಬರುಗಳು ಮೇಘಾಳ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲ ಅವ್ವನ ಫೋನಿನಲ್ಲಿ, ‘ಹೊಳಿ ದಂಡಿ’ ಎಂದು ಅವ್ವನೇ ಕಟ್ಟಿಸಿದ್ದ ವಾಟ್ಸ್ಯಾಪ್ ಗುಂಪಿನಲ್ಲಿ. ಹಿಂಡಲಗಾ ಜೈಲಿನ ಕಚೇರಿಯಲ್ಲಿ ಕಾರಕೂನಳಾಗಿ ಸುತ್ತೋಲೆ ಬರೆದು ರೂಢಿಯಿದ್ದ ಮೇಘಾ ಅತ್ತ ಕಣ್ಣಿನಲ್ಲೇ ಅದರಲ್ಲಿ ಎರಡು ಸಾಲು ಬರೆದಿದ್ದಳು: ‘ನಾಳೆ ಮುಂಜಾನೆ ಹನ್ನೊಂದಕ್ಕ ಹೊಳಿ ದಂಡಿ ರುದ್ರಭೂಮಿಯೊಳಗ ಮಣ್ಣು ಐತಿ. ಎಲ್ಲಾರೂ ತಪ್ಪದ ಬರ್ರಿ.’ ಉತ್ತರಕ್ಕೆ ಹೆಬ್ಬೆರಳಿನ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬರೂ ಅಯ್ಯೋ ಅನ್ನಲಿಲ್ಲ. ಈಗಿನ ಮಂದಿ ಹೀಗೇ ಇರಬೇಕು ಎಂದುಕೊಂಡು ಅವಳು ಫೋನು ಮಗುಚಿ ಇಟ್ಟಿದ್ದಳು.

ಚಾಲಕ ಟೆಂಪೋದಿಂದ ಹೊಸ ಬುಟ್ಟಿಗಳ ಕಟ್ಟೊಂದನ್ನು ಇಳಿಸಿ ತಂದ. “ಇವು ಎಲ್ಲಿ ಇಡ್ಲಿ ಬಾಯೀ? ಇಷ್ಟ ಬುಟ್ಟಿ ಕಾಯ್‌ಕೋ, ಯಾಕ?”

“ಇಲ್ಲೇ ಇಡ್ರಿ. ಮಂದಿ ಬಂದ ಮ್ಯಾಲ ಬೇಕಾಗ್ತಾವ,” ಎಂದಳು ಮೇಘಾ. ಅವ್ವ ಸತ್ತದ್ದಕ್ಕಿಂತ, ಅವ್ವ ಸತ್ತಳೆಂದು ಬಂದು ನಿಲ್ಲಲು ಯಾರೂ ಇಲ್ಲದ್ದು ಅವಳನ್ನು ಹೆಚ್ಚು ನೋಯಿಸುತ್ತಿತ್ತು.

*

ಶಿವಬಸವ್ವ ಈ ಊರಿನ ಸೊಸೆ. ಗಂಡ ಗುರುಪಾದಪ್ಪ ಸಾಲಿಯ ಜವಾನ. ಅವನು ಹೋದಾಗ ಮೇಘಾ ಇನ್ನೂ ಕಾಲೇಜಿನಲ್ಲಿದ್ದಳು. ಇದೇ ರುದ್ರಭೂಮಿಯಲ್ಲಿ ಅವನಿಗೆ ಮಣ್ಣು ಕೊಟ್ಟರು. ಪ್ರತಿ ಅಮಾವಾಸ್ಯೆ ಶಿವಬಸವ್ವ ಹೋಗಿ ಗದ್ದುಗೆಗೆ ನೀರು ಹನಿಸಿ, ಎದುರಿಗೆ ಕೂತು ಮನೆಯ ಸುದ್ದಿ ಹೇಳಿ ಬರುತ್ತಿದ್ದಳು. ಬದುಕಿದ್ದಾಗ ಕೇಳದವನು ಈಗ ಕೇಳುತ್ತಾನೆ ಎಂದು ನಗುತ್ತಿದ್ದಳು.

ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲಿ ಹೊಳೆ ರುದ್ರಭೂಮಿಯ ಮೇಲೆಯೇ ಹರಿಯಿತು. ಆಗ ಏನೂ ಆಗಲಿಲ್ಲ. ನೀರು ಇಳಿಯಿತು, ಜನ ಮನೆ ತೊಳೆಯತೊಡಗಿದರು, ಶಿವಬಸವ್ವನೂ ಮಗಳನ್ನು ಕರೆದುಕೊಂಡು ಗದ್ದುಗೆ ನೋಡಲು ಬಂದಳು. ಅವರ ಕಣ್ಣೆದುರಿಗೇ ದಂಡೆಯ ಒಂದು ದೊಡ್ಡ ಹೋಳು ರೊಟ್ಟಿ ಮುರಿದಂತೆ ಮುರಿದು ನೀರಿಗೆ ಕೂತಿತು. ಗುರುಪಾದಪ್ಪ ಅದರೊಳಗೆ ಇದ್ದ.

“ಹೊಳಿ ಏರುವಾಗ ಹೇಳಿ ಬರತೈತಿ. ಇಳಿಯುವಾಗ ಕೈ ಹಿಡದ ಕರಕೊಂಡು ಹೋಗತೈತಿ,” ಎಂದಳು ಶಿವಬಸವ್ವ. ಅಷ್ಟೇ. ಅಳಲಿಲ್ಲ. ಮನೆಯೂ ಬಿದ್ದಿತ್ತು, ಮಗಳ ಜೊತೆ ಅನಗೋಳಕ್ಕೆ ಬಂದಳು.

ಆಮೇಲೆ ಮೇಲ್ಗಡೆಯ ದೇವಸ್ಥಾನದ ಹತ್ತಿರ ಕಾಂಕ್ರೀಟಿನ ತಡೆಗೋಡೆ ಎದ್ದಿತು. ಅದು ರುದ್ರಭೂಮಿ ಶುರುವಾಗುವಲ್ಲಿಗೆ ಮುಗಿಯಿತು. ಗೋಡೆಗೆ ಬಡಿದ ನೀರು ಹೊರಳಿ ನೇರ ಸತ್ತವರ ಕಡೆಗೇ ಬರತೊಡಗಿತು. ಶಿವಬಸವ್ವ ಅರ್ಜಿ ಹಿಡಿದು ಅಲೆದಳು. ‘ಮೊದಲ ಬದುಕಿದವರದು ನೋಡೂಣ್ರಿ ಅವ್ವಾ’ ಎಂದು ಒಬ್ಬ ಸಾಹೇಬ ಹೇಳಿದ. ಅವನ ಮಾತೂ ಸುಳ್ಳಲ್ಲ. ಹಾಗಾದರೆ ಸತ್ತವರದನ್ನು ನಾವೇ ನೋಡಬೇಕು ಎಂದು ಅವಳು ಸೆರಗು ಕಟ್ಟಿದಳು. ಹೊಳೆ ಕೊರೆದ ಗೂಡಿಗೆ ಮಣ್ಣು ತುಂಬುವುದು, ಇಳಿಜಾರಿಗೆ ಲಾವಂಚದ ಹುಲ್ಲು ನೆಡುವುದು. ಲಾವಂಚದ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರತಿ ವರ್ಷ ಮಿರಗಕ್ಕೆ ಮೊದಲು ಕೆಂಪು ಬಸ್ಸು ಹತ್ತಿ ಊರಿಗೆ ಹೊರಟುಬಿಡುವಳು.

ಹೋದ ತಿಂಗಳು ಮೆಂತ್ಯೆ ಸೊಪ್ಪು ಸೋಸುತ್ತ ಕೂತವಳು ಇದ್ದಕ್ಕಿದ್ದಂತೆ ಹೇಳಿದ್ದಳು. “ಮೇಘಾ, ನನ್ನ ದಂಡಿಗಿ ಕುಂಡ್ರಸು. ಎಲ್ಲಾರಕಿಂತಾ ಮುಂದ. ನನ್ನ ಮಣ್ಣಿಗರೆ ಎಲ್ಲಾರೂ ಬರಬೇಕಲ್ಲ? ಬರಲಾರದ ಎಲ್ಲಿ ಹೋಗ್ತಾರ? ಹಿಡಿ ಮಣ್ಣು ಬ್ಯಾಡ, ಒಬ್ಬೊಬ್ಬರು ಒಂದ ಬುಟ್ಟಿ ಹಾಕ್ರಿ ಅಂತ ಹೇಳು. ಒಂದ ದಿನದಾಗ ಗೂಡು ತುಂಬಿ ಹೋಗತೈತಿ.”

“ಸುಮ್ನಿರವಾ. ಸಾಯೂ ಮಾತು ಯಾಕ?”

“ಸಾಯೂ ಮಾತಲ್ಲ ಹುಚ್ಚಿ, ಕೆಲಸದ ಮಾತು,” ಎಂದು ಶಿವಬಸವ್ವ ಸೊಪ್ಪಿನ ಕಡ್ಡಿಯನ್ನು ಪಟಕ್ಕನೆ ಮುರಿದಿದ್ದಳು.

*

ಬಿತ್ತಿದ ಹೊಲದ ಬದುವಿನ ಮೇಲಿಂದ ನೇಮಣ್ಣ ಕೋಲೂರಿಕೊಂಡು ಬಂದ. ಜೈನರವನು. ಅವನ ಭತ್ತದ ಹೊಲ ರುದ್ರಭೂಮಿಗೆ ಹತ್ತಿಕೊಂಡಿತ್ತು. ಟೆಂಪೋ ನಿಂತದ್ದು ಕಂಡು, ಯಾರೋ ಉಸುಕು ತುಂಬಲು ಬಂದಿದ್ದಾರೆಂದು ಬೈಯಲು ಬಂದವನು, ಕುರ್ಚಿಯಲ್ಲಿದ್ದವಳನ್ನು ನೋಡಿ ನಿಂತಲ್ಲೇ ನಿಂತ. ಕೋಲು ಕೆಳಗಿಟ್ಟು ಕೈಮುಗಿದ.

“ಯಾವಾಗವಾ?” ಎಂದ.

“ನಿನ್ನಿ ಮಧ್ಯಾಹ್ನ, ಕಾಕಾ.”

“ನನಗ ಯಾರೂ ಹೇಳಲಿಲ್ಲ. ನಂದು ಬರೇ ಮಾತಾಡೂ ಫೋನು.” ನೇಮಣ್ಣ ಸುತ್ತ ನೋಡಿದ. “ಮತ್ತ ಮಂದಿ ಎಲ್ಲಿ?”

ಮೇಘಾ ಊರಿನ ದಾರಿಯತ್ತ ನೋಡಿದಳು. ಕಲ್ಲಯ್ಯ ಆಕಾಶ ನೋಡಿದ. “ಮಳಿ ಬಂದ್ರ ಕುಣ್ಯಾಗ ನೀರು ನಿಂದ್ರತಾವು. ಇನ್ನೊಂದೀಟು ನೋಡೂಣು. ಬರಲಿಲ್ಲಂದ್ರ ಇದ್ದವರಽ ಕೊಟ್ಟ ಬಿಡೂಣು,” ಎಂದ.

ಮೇಘಾ ಅವ್ವನ ಫೋನು ತೆಗೆದು, ಗುಂಪಿನಲ್ಲಿ ಮೊದಲು ಹೆಬ್ಬೆರಳು ಎತ್ತಿದ್ದ ಬಂಡೆಪ್ಪನಿಗೆ ಹಚ್ಚಿದಳು. ಗುರುಪಾದಪ್ಪನ ಗೆಳೆಯನ ಮಗ, ಚಿಕ್ಕಂದಿನಲ್ಲಿ ಇವರ ಮನೆಯಲ್ಲೇ ಉಂಡು ಬೆಳೆದವನು.

“ಹಾಂ ಶಿವಬಸಕ್ಕಾ, ಶರಣ್ರೀ!” ಎಂದು ಅವನ ದನಿ ಗಟ್ಟಿಯಾಗಿ ಬಂತು.

“ನಾನು ಬಂಡೆಪ್ಪಣ್ಣಾ, ಮೇಘಾ.”

“ಓ ಮೇಘಾ! ನಿಮ್ಮವ್ವಗ ಸಿಟ್ಟಾಗಬ್ಯಾಡ ಅನ್ನವಾ. ಬಿತ್ತಿಗಿ ನಡದೈತಿ, ಕೂರಿಗಿ ಬಾಡಿಗಿ ತಂದೀನಿ, ಉಸಿರು ಬಿಡಾಕ ಪುರಸೊತ್ತಿಲ್ಲ. ಈ ಸಲ ಆಗೂದಿಲ್ಲ. ಮುಂದಿನ ವರ್ಷ ಅಕೀ ಮಣ್ಣಿಗಿ ಎಲ್ಲಾರಕಿಂತ ಮೊದಲ ಬರಾಂವ ನಾನಽ. ಫೋನ ಇಡ್ಲಿ? ಏ, ಆ ಕಡೆ ಹೊಡಿಯೋ...”

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಅವನು ಎತ್ತಲಿಲ್ಲ. ಮೇಘಾಳಿಗೆ ಏನೂ ತಿಳಿಯಲಿಲ್ಲ. ಮುಂದಿನ ವರ್ಷ ಮಣ್ಣು ಎಂದರೇನು?

“ಏನಂತ ಬರದಿದ್ದಿ ನೀ?” ನೇಮಣ್ಣ ಕೇಳಿದ. ಮೇಘಾ ಓದಿ ಹೇಳಿದಳು. ಅವನು ಹಣೆ ಬಡಿದುಕೊಂಡ.

“ಅಯ್ಯ ಮಗಳಽ, ನೀ ನಿಮ್ಮವ್ವನ ಮಾತಽ ಬರದ ಹಾಕೀದಿ! ಅದೂ ಅಕೀ ಫೋನಿಲೆ!”

*

ಕೊರೋನಾ ಗದ್ದಲ ಮುಗಿದ ವರ್ಷ. ದಂಡೆಯ ಕೆಲಸಕ್ಕೆ ಬನ್ನಿ ಎಂದು ಶಿವಬಸವ್ವ ಓಣಿ ಓಣಿ ತಿರುಗಿ ಹೇಳಿದ್ದಳು. ಎಲ್ಲರೂ ಹೂಂ ಎಂದರು, ಒಬ್ಬರೂ ಬರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಏರಿಗೆ ಎಳೆಯುವ ಎತ್ತು ಒಂದೇ ಇತ್ತು. ಆಗ ಅವಳ ತಲೆಗೆ ಬಂದದ್ದು ಆ ಮಾತು. ಈ ಸೀಮೆಯಲ್ಲಿ ಮದುವೆ ತಪ್ಪಿಸಿದರೂ ಮಣ್ಣು ತಪ್ಪಿಸುವುದಿಲ್ಲ. ಹಗೆಯವನು ಸತ್ತರೂ ಹೋಗಿ ಹಿಡಿ ಮಣ್ಣು ಹಾಕಿಯೇ ಬರುತ್ತಾರೆ. ಕನ್ನಡದವರು ‘ಮಣ್ಣು ಐತಿ’ ಎನ್ನಲಿ, ಮರಾಠಿಯವರು ‘ಮಾತಿ ಆಹೆ’ ಎನ್ನಲಿ, ಕೇಳಿದವನು ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಡುತ್ತಾನೆ.

ಶಿವಬಸವ್ವ ಓಣಿಯ ಹುಡುಗನೊಬ್ಬನಿಂದ ಗುಂಪಿನಲ್ಲಿ ಅದನ್ನೇ ಹಾಕಿಸಿದಳು. ಮಣ್ಣು ಐತಿ, ತಪ್ಪದ ಬರ್ರಿ.

ಮರುದಿನ ರುದ್ರಭೂಮಿ ತುಂಬಿತು. ಹಾರ ತಂದವರು, ಅಂಗಡಿ ಮುಚ್ಚಿ ಬಂದವರು, ಗುಂಜಿಯಿಂದ ರೈಲು ಹಿಡಿದು ದಾರಿಯುದ್ದಕ್ಕೂ ಅಳುತ್ತ ಬಂದ ಒಬ್ಬ ಮುದುಕಿ. ಶಿವಬಸವ್ವ ಸೀರೆ ಕಚ್ಚೆ ಹಾಕಿ, ಹೊಳೆ ಕೊರೆದ ಗೂಡಿನಲ್ಲಿ ಸಲಿಕೆ ಹಿಡಿದು ನಿಂತಿದ್ದಳು.

“ಯಾರ ಹೋದ್ರಬೇ?” ಎಂದು ಗಾಬರಿಯಲ್ಲಿ ಕೇಳಿದರು.

“ನಿಮ್ಮಪ್ಪ, ನಿಮ್ಮಜ್ಜ. ಹೋಗಾಕ ಹತ್ಯಾರ, ಇನ್ನೂ ಪೂರಾ ಹೋಗಿಲ್ಲ. ಹಿಡೀರಿ ಬುಟ್ಟಿ.”

ಕೆಲವರು ನಕ್ಕು ನಾಲ್ಕು ಬುಟ್ಟಿ ಹಾಕಿದರು. ಹೆಚ್ಚಿನವರು ಉರಿದುಬಿದ್ದರು. ಸಾವಿನ ಹೆಸರಲ್ಲಿ ಚೇಷ್ಟೆ ಮಾಡುವವಳ ಬಾಯಿಗೆ ಮಣ್ಣು ಬೀಳಲಿ ಎಂದು ಗುಂಜಿಯ ಮುದುಕಿ ನೆಟಿಗೆ ಮುರಿದಳು. ಮರುವರ್ಷವೂ ಶಿವಬಸವ್ವ ಅದೇ ಎರಡು ಸಾಲು ಹಾಕಿಸಿದಳು, ಅದರ ಮರುವರ್ಷವೂ. ಮಾತು ಬದಲಿಸಬಾರದೇ ಎಂದರೆ, “ಸುಳ್ಳೇನೈತಿ ಅದರಾಗ? ಮಣ್ಣು ಅಂದ್ರ ಮಣ್ಣಽ,” ಎನ್ನುವಳು. ಹಟಕ್ಕೆ ಬಿದ್ದರೆ ಅವಳು ಮೊಲಕ್ಕೆ ಮೂರೇ ಕಾಲು ಎನ್ನುವವಳು. ಊರವರಿಗೂ ಹೆಬ್ಬೆರಳು ಎತ್ತಿ ಸುಮ್ಮನಾಗುವುದು ರೂಢಿಯಾಯಿತು.

ಬರುತ್ತಿದ್ದವನು ನೇಮಣ್ಣ ಒಬ್ಬನೇ. “ನಾವು ಸುಡೂ ಮಂದಿ, ನಮಗ ಈ ಜಾಗಾ ಬೇಕಾಗಿಲ್ಲ,” ಎನ್ನುತ್ತಿದ್ದ. “ಆದ್ರ ನಿಮ್ಮವರ ಪಾಳಿ ಮುಗಿದ್ರ ಹೊಳಿ ನನ್ನ ಹೊಲಕ್ಕ ಬರತೈತಿ. ಮೊದಲಿನ ಮಳಿ ಬ್ಯಾರೆ ಇತ್ತು, ಜಿಟಿಜಿಟಿ ಹಿಡದ್ರ ಶ್ರ್ಯಾವಣ ಮುಗಿಯೂತನಾ. ಈಗ ಎರಡ ದಿನದಾಗ ಎಲ್ಲಾ ಸುರವಿ ಓಡಿ ಹೋಗತೈತಿ.” ಇಬ್ಬರೂ ದಿನವಿಡೀ ಬಾಗಿ ಲಾವಂಚ ನೆಡುವರು. ಸಂಜೆ ಶಿವಬಸವ್ವ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದುಹೋಗುವಳು. ‘ಎಷ್ಟ ಮಂದಿ ಬಂದಿದ್ರವಾ?’ ಎಂದು ಮೇಘಾ ಕೇಳಿದರೆ, ‘ಭಾಳ ಮಂದಿ’ ಎಂದು ಕಾಲು ತೊಳೆಯಲು ಹೋಗುವಳು.

*

ಮೇಘಾ ಗುಂಪಿನ ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸಿ ನೋಡಿದಳು. ಹೋದ ವರ್ಷದ್ದು, ಅದರ ಹಿಂದಿನದು. ತಾನು ಬರೆದದ್ದೇ ಮಾತು. ಕೆಳಗೆ ಅವೇ ಹೆಬ್ಬೆರಳುಗಳು. ಭಾಳ ಮಂದಿ ಎಂದಿದ್ದಳು ಅವ್ವ. ಮೇಘಾಳಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬರೆದಳು: ‘ಅವ್ವ ಶಿವಬಸವ್ವ ಲಿಂಗೈಕ್ಯ ಆಗ್ಯಾಳ. ಖರೇನ ಮಣ್ಣು ಐತಿ.’

ಉತ್ತರ ತಡವಿಲ್ಲದೆ ಬಂತು. ಯಾರೋ ಬರೆದಿದ್ದರು: ‘ಸಾಕ ಮಾಡ್ರಿ ಯವ್ವಾ, ಈ ಸಲ ನಿಮ್ಮನ್ನಽ ನೀವಽ ಕೊಂದ್ರೇನು?’ ಜೊತೆಗೆ ನಗುವ ಮುಖಗಳು.

“ಫೋನ ಮಾಡಿ ಹೇಳಿದ್ರೂ ನಂಬೂದಿಲ್ಲ ಅವ್ರು,” ಎಂದ ನೇಮಣ್ಣ. “ನಂಬೂ ಹಂಗ ಇಟ್ಟಿಲ್ಲ ಅಕಿ. ನಾ ಊರಿಗಿ ನಡದ ಹೋಗಿ ಹೇಳೂದರಾಗ ಮಳಿ ಬರತೈತಿ.”

ಮೇಘಾ ಕುರ್ಚಿಯ ಎದುರಿಗೆ ಬಂದು ನಿಂತಳು. ದಾರಿಯಲ್ಲಿ ಕದಡಿದ್ದ ವಿಭೂತಿಯನ್ನು ಬೆರಳಿನಿಂದ ತಿದ್ದಿದಳು. ವಾಲಿದ್ದ ತಲೆಯನ್ನು ಎತ್ತಿ ನೆಟ್ಟಗೆ ಮಾಡಿದರೆ ಅದು ಮತ್ತೆ ವಾಲಿತು. ನೇಮಣ್ಣ ಹಿಂದೆ ಹೋಗಿ ಎರಡೂ ಕೈಯಿಂದ ತಲೆ ಹಿಡಿದು ನಿಂತ. ಅವಳು ಅವ್ವನ ಫೋನಿನಿಂದಲೇ ಅವ್ವನ ಫೋಟೋ ತೆಗೆದಳು. ಹೆತ್ತ ತಾಯಿ ಸತ್ತಿದ್ದಾಳೆಂದು ಸಾಕ್ಷಿ ಕೊಡಬೇಕಾದ ಗತಿ ಯಾರಿಗೂ ಬರಬಾರದು ಎನ್ನಿಸಿತು. ಶಿವಬಸವ್ವನ ಹೆಣದ ಚಿತ್ರ ಶಿವಬಸವ್ವನ ಹೆಸರಿನಲ್ಲೇ ಊರಿಗೆ ಹೋಯಿತು.

ಫೋನು ಸುಮ್ಮನೆ ಕೂತಿತು. ಆಮೇಲೆ ಒಮ್ಮೆಲೇ ಬಡಿದುಕೊಳ್ಳತೊಡಗಿತು.

ಮೊದಲು ಬಂದವನು ಬಂಡೆಪ್ಪನೇ. ಮೋಟರ್ ಸೈಕಲ್ಲನ್ನು ಕೆಡವಿ, ಬಿತ್ತನೆಯ ಧೂಳಿನ ಕೈಯಲ್ಲೇ ಓಡಿಬಂದು ಶಿವಬಸವ್ವನ ಕಾಲಿಗೆ ಬಿದ್ದ. “ಯವ್ವಾ, ಮುಂದಿನ ವರ್ಷ ಅಂದಿದ್ನಲ್ಲಬೇ...” ಎಂದು ಹುಡುಗನ ಹಾಗೆ ಅತ್ತ. ಹಿಂದೆಯೇ ಟ್ರ್ಯಾಕ್ಟರು ಬಂತು, ಅದರ ತುಂಬ ಹೆಂಗಸರು. ಕೆಸರುಗಾಲಿನವರು, ಊಟದ ಮಧ್ಯೆ ಎದ್ದವರು, ಕೋಲೂರಿದವರು. ಊರಿಗೆ ಊರೇ ಬಂತು. ಹಾಡಿ ಅಳುವ ಹೆಂಗಸರ ನಡುವೆ ನಿಂತ ಮೇಘಾಳಿಗೆ ದುಃಖದ ನಡುವೆಯೂ ಎದೆ ತುಂಬಿ ಬಂತು. ನೋಡವಾ, ಎಲ್ಲಾರೂ ಬಂದಾರ, ಎಂದು ಒಳಗೊಳಗೇ ಹೇಳಿದಳು.

ಕಲ್ಲಯ್ಯ ಈಗ ದನಿಯೇರಿಸಿ ಮಂತ್ರ ಹೇಳಿದ. ಶಿವಬಸವ್ವನನ್ನು ಕುಣಿಗೆ ಇಳಿಸಿ, ಕುಣಿಯ ಗೋಡೆಯಲ್ಲಿ ತೋಡಿದ ಮಾಡದಲ್ಲಿ ಹೊಳೆಗೆ ಮುಖಮಾಡಿ ಕೂರಿಸಿದರು. ಬಿಲ್ವಪತ್ರೆ, ವಿಭೂತಿ ಬಿತ್ತು. ಒಬ್ಬೊಬ್ಬರೇ ಬಂದು ಹಿಡಿ ಹಿಡಿ ಮಣ್ಣು ಹಾಕಿ ಕೈಮುಗಿದು ಸರಿದರು. ಬುಟ್ಟಿಗಳು ಕುಣಿ ತೋಡುವವನವೆಂದು ತಿಳಿದು ಯಾರೋ ಅವುಗಳ ಮೇಲೆ ಟವೆಲ್ಲು ಇಟ್ಟಿದ್ದರು.

ಸತ್ಯಪ್ಪ ಕುಣಿ ಮುಚ್ಚಿ ಗುಪ್ಪೆ ಮಾಡಿದ ಮೇಲೆ ಮೇಘಾ ಧೈರ್ಯ ತಂದುಕೊಂಡಳು. “ಅವ್ವಂದೊಂದು ಮಾತಿತ್ತು. ಹಿಡಿ ಮಣ್ಣು ಸಾಲೂದಿಲ್ಲ, ಒಬ್ಬೊಬ್ಬರು ಒಂದ ಬುಟ್ಟಿ, ಆ ಕೊರದ ಜಾಗಾಕ್ಕ...”

ಬಂಡೆಪ್ಪ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣುಗಳು ಇನ್ನೂ ಒದ್ದೆಯಾಗಿದ್ದವು. “ಮಾಡೂಣವಾ. ಅಕೀ ಮಾತು ನಡಸಲಾರದ ಬಿಡ್ತೀವೇನು? ಇವತ್ತ ದುಃಖದ ದಿನ, ಇವತ್ತ ಕೆಲಸಾ ಬ್ಯಾಡ. ಮಿರಗ ಆಗ್ಲಿ, ಬಿತ್ತಿಗಿ ಮುಗೀಲಿ. ಎಲ್ಲಾರೂ ಕೂಡೇ ಬರೂಣು.”

“ಹೌದ ಹೌದು, ಬರೂಣು,” ಎಂದರು ಎಲ್ಲರೂ. ಮನಸಾರೆ ಹೇಳಿದರು. ಅದರಲ್ಲಿ ಕಪಟ ಇರಲಿಲ್ಲ.

ಮಣ್ಣು ಕೊಟ್ಟವರು ಹೊಳೆಯಲ್ಲಿ ಕೈಕಾಲು ತೊಳೆದು ಮನೆಗೆ ಹೋಗಬೇಕು. ಹೊಳೆಗೆ ಇಳಿಯುವ ಪಾವಟಿಗೆಗಳಿದ್ದದ್ದು ದೇವಸ್ಥಾನದ ಹತ್ತಿರ, ಗೋಡೆಯ ಆಚೆ. ಅಷ್ಟು ದೂರ ಯಾರು ಹೋಗುತ್ತಾರೆ? ಕುಣಿಯ ಮುಂದಿನ ಇಳಿಜಾರಿನಲ್ಲೇ ಜನ ಇಳಿದರು. ಹುಲ್ಲು ಬೆಳೆದಿದ್ದರಿಂದ ಕಾಲು ಜಾರದೆ ಅನುಕೂಲವೇ ಆಯಿತು.

“ಅಲ್ಲಿ ಬ್ಯಾಡ್ರೋ! ಲಾವಂಚ ಐತಿ, ಅಡೀಗೆ ಪೊಳ್ಳೈತಿ!” ಎಂದು ನೇಮಣ್ಣ ಕೂಗಿದ. ಮುದುಕನ ದನಿ ಅಷ್ಟು ಜನರಲ್ಲಿ ಎಲ್ಲಿ ಕೇಳಬೇಕು? ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು, ಹುಲ್ಲಿನ ಬುಡ ಹಿಡಿದು ಜಗ್ಗಿ ಮೇಲೆ ಹತ್ತಿದರು. ಮೇಘಾಳನ್ನೂ ಯಾರೋ ತಬ್ಬಿಕೊಂಡು ಇಳಿಸಿ, ಕಾಲು ತೊಳೆಸಿ, ಮತ್ತೆ ಹತ್ತಿಸಿದರು.

ಆಮೇಲೆ ಎಲ್ಲರೂ ಊರ ಕಡೆ ಹೊರಟರು. ಮಣ್ಣು ಕೊಟ್ಟು ಹೋಗುವವರು ಹಿಂದಿರುಗಿ ನೋಡಬಾರದು, ಅದು ರೂಢಿ. ಟ್ರ್ಯಾಕ್ಟರಿನಲ್ಲಿ ಬಂದವರೂ ಅದನ್ನು ಹತ್ತದೆ ಮೇಘಾಳ ಜೊತೆಗೇ ನಡೆದರು. ರಾತ್ರಿ ನಮ್ಮಲ್ಲೇ ಉಣ್ಣಬೇಕು ಎಂದು ಒಬ್ಬಳು, ಬ್ಯಾಡ, ನಮ್ಮಲ್ಲಿ ಎಂದು ಇನ್ನೊಬ್ಬಳು ಪಿಸುಮಾತಿನಲ್ಲಿ ಜಗಳಾಡಿದರು.

ಹಿಂದೆ ದೊಪ್ಪನೆ ಸದ್ದಾಯಿತು. ಅದರ ಬೆನ್ನಿಗೇ ಇನ್ನೊಂದು, ದೊಡ್ಡದು. ನೀರು ಎದ್ದು ಬಿದ್ದ ಸಪ್ಪಳ.

ಎಲ್ಲರಿಗೂ ಕೇಳಿಸಿತು. ಬಂಡೆಪ್ಪನ ಹೆಜ್ಜೆ ತಡೆಯಿತು, ಮತ್ತೆ ಮುಂದಕ್ಕೆ ಬಿತ್ತು. ಪಕ್ಕದ ಹೆಂಗಸು ಸೆರಗು ಬಿಗಿ ಮಾಡಿಕೊಂಡಳು. ಒಂದು ತಲೆಯೂ ಹಿಂದಕ್ಕೆ ಹೊರಳಲಿಲ್ಲ.

“ಹೊಳ್ಳಿ ನೋಡಬ್ಯಾಡವಾ,” ಎಂದ ಕಲ್ಲಯ್ಯ ಮೆಲ್ಲಗೆ.

ಮೇಘಾ ಹೊಳ್ಳಿ ನೋಡಿದಳು. ಜನ ಇಳಿದು ಹತ್ತಿದ ಜಾಗದಲ್ಲಿ ದಂಡೆ ಕಡಿದುಹೋಗಿತ್ತು. ಅಂಚು ಅವ್ವನ ಗುಪ್ಪೆಯ ಹತ್ತಿರಕ್ಕೇ ಬಂದಿತ್ತು. ಅಲ್ಲಿ, ಹಸಿ ಕೆಂಪು ಮಣ್ಣಿನ ಬಾಯಲ್ಲಿ, ಅರ್ಧ ಕಿತ್ತ ಲಾವಂಚದ ಬುಡವೊಂದು ನೀರಿನ ಮೇಲೆ ನೇತಾಡುತ್ತಿತ್ತು. ಅದರ ಬತ್ತಲೆ ಬೇರುಗಳು ಒಂದು ಹಿಡಿಯಷ್ಟು ಮಣ್ಣನ್ನು ಇನ್ನೂ ಬಿಟ್ಟಿರಲಿಲ್ಲ.